ಹಲಗೆ ಮುರಿದ ಕುರ್ಚಿಯ ವಿಮರ್ಶೆ

ಮ್ಯಾಟಿನಿ ಮುಗಿದು ಜನ ಹೊರಗೆ ಹೋದರೆ ಸಾಕು, ಆ ಟಾಕೀಸಿನ ಕುರ್ಚಿಗಳಿಗೆ ಹರಟೆಯೇ ಹರಟೆ.

"ನನ್ನ ಮೇಲೆ ಕೂತವನು ಇಂಟರ್‌ವಲ್ಲಿಗೇ ಎದ್ದು ಹೋದ. ಡಬ್ಬಾ ಪಿಚ್ಚರು!" ಎಂದಿತು ಒಂದು.

"ನನ್ನ ಮೇಲೆ ಕೂತವಳು ಕೊನೆಯವರೆಗೂ ಕಣ್ಣೊರೆಸಿಕೊಂಡಳು. ನೂರು ದಿನ ಗ್ಯಾರಂಟಿ!" ಎಂದಿತು ಇನ್ನೊಂದು.

ಹಲಗೆ ಮುರಿದ ಕುರ್ಚಿಗೆ ನಗು ಬಂತು. ಅದರ ಮೇಲೆ ವರ್ಷಗಳಿಂದ ಯಾರೂ ಕೂತಿರಲಿಲ್ಲ. ಹಾಗಾಗಿ, ಯಾರ ಬೆನ್ನೂ ಅಡ್ಡವಿಲ್ಲದೆ ಸಿನಿಮಾ ನೋಡುತ್ತಿದ್ದದ್ದು ಅದೊಂದೇ.

"ಬರೀ ಬೆನ್ನು ನೋಡಿದ ನಿಮಗೇನು ಗೊತ್ತು? ಕಥೆ ಸಪ್ಪೆ. ಹಾಡುಗಳಂತೂ ಅತಿಯಾದವು," ಎಂದು ಅದು ತೀರ್ಪು ಕೊಟ್ಟಿತು.

ಮರುದಿನ ಬೆಳಿಗ್ಗೆ ಬಡಗಿ ಬಂದು ಹೊಸ ಹಲಗೆ ಕೂಡಿಸಿದ. ಮಧ್ಯಾಹ್ನ ಅದೇ ಸಿನಿಮಾಕ್ಕೆ ಒಂಟಿಯಾಗಿ ಬಂದ ಅಜ್ಜಿಯೊಬ್ಬರು ಆ ಕುರ್ಚಿಯ ಮೇಲೆ ಕೂತರು.

ಆಟ ಮುಗಿದ ಮೇಲೆ ಪಕ್ಕದ ಕುರ್ಚಿ ಮೆಲ್ಲಗೆ ಕೇಳಿತು: "ಏನಣ್ಣ, ಇವತ್ತು ಹೇಗಿತ್ತು?"

ಹೊಸ ಹಲಗೆಯ ಕುರ್ಚಿ ಇನ್ನೂ ಬೆಚ್ಚಗಿತ್ತು.

"ಒಂದು ಚೂರೂ ಕಾಣಲಿಲ್ಲ ಮಾರಾಯ. ಹಾಡು ಬಂದಾಗಲೆಲ್ಲ ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಇನ್ನೊಂದು ಹಾಡು ಇರಬೇಕಿತ್ತು."