ಹೊಸ ರ‍್ಯಾಮಿನ ವೇಗ

ಗದಗಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ನೀಲಾಂಬಿಕೆ ತನ್ನ ಕಂಪ್ಯೂಟರಿನಲ್ಲಿ ಕೆಲಸದ ನೆನಪು ಹಿಡಿದಿಡುವ ಪುಟ್ಟ ಪಟ್ಟಿಯಾದ ಹಳೆಯ ರ‍್ಯಾಮಿನ ಪಕ್ಕ ಬೇರೆ ಕಂಪನಿಯ ಹೊಸದೊಂದನ್ನು ಕೂರಿಸಿದಳು. ಹೊಸದು ಮೂಗು ಮುರಿಯಿತು. "ನನ್ನ ಕುಲವೇನು, ಇದರ ಕುಲವೇನು!"

ಇಬ್ಬರನ್ನೂ ಹೊತ್ತಿದ್ದ ಮದರ್‌ಬೋರ್ಡ್ ಹೇಳಿತು: "ಕುಲ ಯಾವುದಾದರೂ ಇರಲಿ, ಇಬ್ಬರೂ ಒಂದೇ ವೇಗದಲ್ಲಿ ನಡೆಯಬೇಕು. ಹಳೆಯದು ನಿನ್ನಷ್ಟು ಓಡಲಾರದು. ನೀನೇ ನಿಧಾನಿಸು."

"ಈ ಮುದುಕನಿಗಾಗಿ ನಾನು ಕುಂಟಬೇಕೆ? ಆಗದು," ಎಂದು ಹೊಸದು ಓಟ ಕಿತ್ತಿತು.

"ಸ್ವಾಮಿ, ತಡೆಯಿರಿ! ವರನ ಹೆಸರು ನಿಮ್ಮಲ್ಲಿದೆ, ವಧುವಿನದು ನನ್ನಲ್ಲಿದೆ. ಒಟ್ಟಿಗೆ ಒಪ್ಪಿಸೋಣ," ಎಂದು ಹಳೆಯದು ಕೂಗಿತು. ಹೊಸದು ತಿರುಗಿಯೂ ನೋಡಲಿಲ್ಲ. ಕಂಪ್ಯೂಟರ್ ತಟ್ಟನೆ ನಿಂತಿತು. ಅಲ್ಲಿಯವರೆಗೆ ಮಾಡಿ ಇನ್ನೂ ಉಳಿಸಿರದ ಪತ್ರಿಕೆಯೆಲ್ಲ ಅಳಿಸಿಹೋಯಿತು.

ಎದುರಿಗಿದ್ದ ವಧುವಿನ ತಂದೆ ಗಾಬರಿಯಾದರು. "ಎಲ್ಲಾ ಹೋತೇನವ್ವಾ?"

"ಕೂಡ್ರಿ ಕಾಕಾ, ಮತ್ತ ಮಾಡಿಕೊಡ್ತೀನಿ. ಈ ಹೊಸದು ಬಂದ ಮ್ಯಾಲೇ ಈ ಕಾಟ," ಎಂದು ನೀಲಾಂಬಿಕೆ ಅದನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಹಳೆಯದೊಂದೇ ನಿಧಾನವಾಗಿ ಕೆಲಸ ಮುಗಿಸತೊಡಗಿತು.

"ನನ್ನ ವೇಗ ತಾಳುವ ಯಂತ್ರವೇ ಈ ಊರಿನಲ್ಲಿಲ್ಲ!" ಎಂದು ಮೇಜಿನ ಮೇಲಿನಿಂದ ಹೊಸದು ಸಾರಿತು.

ವಧುವಿನ ತಂದೆ ತಮ್ಮ ಚಹಾದ ಲೋಟವನ್ನು ಅದರ ಮೇಲಿಟ್ಟರು.