ಸಂತೆಯ ಗಿಳಿ ಮತ್ತು ಕೋತಿಯಜ್ಜ

ಕಾಡಿನ ಸಂತೆಯಲ್ಲಿ ಸರಕು ಕೂಗುವ ಕೆಲಸ ಗಿಳಿಯದು. ಯಾರ ಕಣ್ಣು ಯಾವುದರ ಮೇಲೆ ನಿಂತಿತೋ, ಅವರ ಕಿವಿಯಲ್ಲಿ ಅದನ್ನೇ ಕೂಗುತ್ತಿತ್ತು.

ಒಂದು ದಿನ ಕೋತಿಯಜ್ಜ ಮೆಣಸಿನಕಾಯಿ ರಾಶಿ ನೋಡುತ್ತ ನಿಂತ. ತೀರಿಹೋದ ಹೆಂಡತಿಗೆ ಅದೆಂದರೆ ಪ್ರಾಣ. ಅವನಿಗೆ ಆಗದು. ಅಂದಿನಿಂದ ಹೋದಲ್ಲೆಲ್ಲ, "ಅಜ್ಜಾ, ಮೆಣಸಿನಕಾಯಿ!" ಅವನಿಗಿಷ್ಟದ ಕಡಲೆಕಾಯಿ ಬಂದದ್ದು ತಿಳಿಯುವಷ್ಟರಲ್ಲಿ ಅಳಿಲುಗಳು ಮುಗಿಸಿರುತ್ತಿದ್ದವು.

"ಕಡಲೆಕಾಯಿ ಬಂದರೆ ನನಗೂ ಹೇಳು ಮಾರಾಯ."

"ಬಾಯಿ ಏನೋ ಹೇಳುತ್ತೆ ಅಜ್ಜಾ. ನಾನು ನಂಬೋದು ಕಣ್ಣನ್ನೇ."

ಅಜ್ಜ ಅಲ್ಲೇ ಕೂತು, ಸಂಜೆವರೆಗೂ ಕಡಲೆಕಾಯಿಯ ಖಾಲಿ ಬುಟ್ಟಿಯನ್ನು ದಿಟ್ಟಿಸಿದ.

ಮುಂದಿನ ಸಂತೆಯಲ್ಲಿ ಗಿಳಿ ಹಾರಿಕೊಂಡು ಬಂತು. "ಅಜ್ಜಾ, ಕಡಲೆಕಾಯಿ! ಮೊದಲು ನಿನಗೇ!"

ಹೊಟ್ಟೆ ತುಂಬಿದ ಮೇಲೆ ಹೆಂಡತಿ ನೆನಪಾದಳು. ಈ ಸಲ ಅಜ್ಜ ಕಣ್ಣು ಮುಚ್ಚಿಕೊಂಡು, ನಗುತ್ತ ನೆನೆದ. ಗಿಳಿ ಏನೂ ಕೂಗಲಿಲ್ಲ.