ಬಳೆಗಾರನ ದನಿ

"ಗುರುಗಳೇ, ಇವತ್ತಿನಿಂದ ನಾನು ಮೌನವ್ರತ ಹಿಡಿಯಲೇ?" ಎಂದು ಸಿದ್ಧಬಸವ ಕೇಳಿದ. ಮಠದಲ್ಲಿ ಅಡುಗೆ ಮಾಡುವ ನೀಲವ್ವನನ್ನು ಅವನು ಹಿಂದಿನ ದಿನ ಗದರಿದ್ದ. ಅವಳು ಸೌಟು ಕೆಳಗಿಟ್ಟು ಅಳುತ್ತ ಮನೆಗೆ ಹೋಗಿದ್ದಳು. "ಹತ್ತು ವರ್ಷದಿಂದ ಹೀಗೇ ಮಾತಾಡುತ್ತಿದ್ದೇನೆ. ನನ್ನ ದನಿ ಅಷ್ಟು ಕೆಟ್ಟದ್ದೆಂದು ಗೊತ್ತಿರಲಿಲ್ಲ. ನಿನ್ನೆ ನನಗೇ ಕೇಳಿಸಿತು. ನಾಚಿಕೆಯಾಯಿತು."

"ವ್ರತ ಆಮೇಲೆ ಹಿಡಿಯುವಿಯಂತೆ. ಮೊದಲು ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವುದು ಬರೀ ಬೆರಳಿನ ಕೆಲಸ ಎಂದು ನೀನು ತಿಳಿದಿದ್ದರೆ ನಿನ್ನಂಥ ದಡ್ಡ ಇನ್ನೊಬ್ಬನಿಲ್ಲ. ಅರ್ಧ ಕೆಲಸ ಮಾತಿನದು. ತೊಡುವವಳು ಕೈ ಬಿಗಿಹಿಡಿದರೆ ಗಾಜು ಒಡೆಯುತ್ತದೆ. ಮೆಲ್ಲಗೆ ಮಾತಾಡಿಸುತ್ತಿದ್ದರೆ ಕೈ ಸಡಿಲವಾಗುತ್ತದೆ, ಬಳೆ ತಾನಾಗಿ ಏರುತ್ತದೆ. ಈ ಬಳೆಗಾರನ ಮಾತಿಗೆ ಅಳುವ ಕೂಸು ಕೂಡ ಕೈ ಚಾಚುತ್ತಿತ್ತು.

ಒಂದು ಜ್ವರದಲ್ಲಿ ಅವನ ಎರಡೂ ಕಿವಿ ಹೋದವು. ತನ್ನ ದನಿ ತನಗೆ ಕೇಳಿಸದೆ ಮಾತು ವರ್ಷದಿಂದ ವರ್ಷಕ್ಕೆ ಕೆಟ್ಟಿತು. ಮೆಲ್ಲಗೆ ಹೇಳಿದೆ ಎಂದುಕೊಂಡು ಕೂಗುತ್ತಿದ್ದ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು. ಕೈಗಳು ಬಿಗಿಯಾದವು, ಬಳೆಗಳು ಒಡೆದವು. ಆರು ವರ್ಷ ಹೀಗೆ ಕಳೆಯಿತು.

ಕೊನೆಗೆ ಡಾಕ್ಟರು ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ, ಕಿವುಡರಿಗೆ ಕೇಳಿಸುವಂತೆ ಮಾಡುವ ಯಂತ್ರ ಹಾಕಿದರು. ಒಂದು ಭಾಗ ಚರ್ಮದ ಒಳಗೆ. ಇನ್ನೊಂದು ಕಿವಿಯ ಹಿಂದೆ, ಬೇಕಾದಾಗ ತೆಗೆದಿಡುವಂಥದ್ದು. ಮಂದಿಯ ಮಾತು ಕೇಳಿಸಿತು, ಅವನಿಗೆ ಸಂತೋಷವಾಯಿತು. ತಾನು ಬಾಯಿ ತೆರೆದ, ತನ್ನ ದನಿ ಕೇಳಿಸಿತು, ಹೆದರಿಹೋದ. ಅಂದಿನಿಂದ ಆ ಪುಣ್ಯಾತ್ಮ ಬೇರೆಯವರು ಮಾತಾಡುವಾಗ ಯಂತ್ರ ಹಾಕಿಕೊಳ್ಳುವುದು, ತಾನು ಮಾತಾಡುವಾಗ ತೆಗೆದು ಜೇಬಿಗಿಡುವುದು.

ಮಗಳ ಸೀಮಂತ ಬಂತು. ಚೊಚ್ಚಲ ಬಸಿರು. ಹಸಿರು ಬಳೆಯನ್ನು ಅಪ್ಪನೇ ತೊಡಿಸಬೇಕೆಂದು ಅವಳು ಹಟ ಹಿಡಿದಿದ್ದಳು. ಅವನು ಯಂತ್ರ ಜೇಬಿಗಿಟ್ಟು "ಕೈ ಸಡಿಲ ಬಿಡವ್ವ" ಎಂದ. ಅಂಗಳವೆಲ್ಲ ತಿರುಗಿ ನೋಡಿತು. ಅವಳ ಕೈ ಸೆಟೆದುಕೊಂಡಿತು, ಮೊದಲ ಬಳೆಯೇ ಒಡೆಯಿತು. ಶುಭಕಾರ್ಯದಲ್ಲಿ ಇದೆಂಥ ಅಪಶಕುನ ಎಂದು ಮಗಳ ಅತ್ತೆ ಬೇರೆ ಬಳೆಗಾರನನ್ನು ಕರೆಸಲು ಎದ್ದಳು. ಇವನು ತನ್ನ ಪೆಟ್ಟಿಗೆ ಮುಚ್ಚತೊಡಗಿದ.

ಮಗಳು ಅವನ ಜೇಬಿಗೆ ಕೈ ಹಾಕಿ ಯಂತ್ರ ತೆಗೆದು, ತಾನೇ ಅವನ ಕಿವಿಯ ಹಿಂದೆ ಇಟ್ಟಳು. "ಅಪ್ಪಾ, ಇದನ್ನು ಹಾಕಿಕೊಂಡೇ ಮಾತಾಡು."

"ನನ್ನ ದನಿ ನನಗೇ ತಡೆಯಲಾಗುವುದಿಲ್ಲ ಮಗಳೇ. ತಗಡು ಕೆರೆದ ಹಾಗಿದೆ."

"ಆರು ವರ್ಷದಿಂದ ನಾವು ಅದನ್ನೇ ಕೇಳುತ್ತಿದ್ದೇವೆ."

ಅವನ ಕಣ್ಣು ತುಂಬಿತು. ಅವಳ ಕೈ ಹಿಡಿದು ಮತ್ತೆ "ಕೈ ಸಡಿಲ ಬಿಡವ್ವ" ಎಂದ. ಮೊದಲ ಪದ ಕರ್ಕಶವಾಗಿತ್ತು. ಅದು ಕಿವಿಗೆ ಬೀಳುತ್ತಲೇ ಮುಂದಿನದನ್ನು ತಗ್ಗಿಸಿದ. ಇನ್ನೊಮ್ಮೆ ಹೇಳಿದಾಗ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಹಳೆಯ ದನಿಯೇನೂ ಅಲ್ಲ ಅದು. ಆದರೂ ಮಗಳ ಕೈ ಮೆತ್ತಗಾಯಿತು. ಎರಡೂ ಕೈತುಂಬ ಬಳೆ ಏರಿದವು, ಒಂದೂ ಒಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅವನ ಕಷ್ಟ ಬೇರೆ ಗುರುಗಳೇ, ನನ್ನ ಕಿವಿ ಸರಿಯಾಗಿಯೇ ಇವೆಯಲ್ಲ," ಎಂದ ಸಿದ್ಧಬಸವ.

"ನಿನ್ನ ದನಿ ನಿನ್ನ ಕಿವಿಗೆ ಬಿದ್ದದ್ದು ನಿನ್ನೆಯೇ ಮೊದಲು, ಇವತ್ತೇ ಬಾಯಿ ಮುಚ್ಚುತ್ತೀಯಾ?"